ನಿವೇಶನದ ದರ ನೋಡಿ ಬೀದಿಯ ಬದುಕು ಅಳೆಯಬೇಡಿ

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರಿನ ಯಾವ ಬಡಾವಣೆ ಸಿರಿವಂತರದು, ಯಾವುದು ಬಡವರದು ಎಂಬ ಮಾತು ಬಂದಾಗಲೆಲ್ಲ ಚರ್ಚೆ ಶುರುವಾಗುವುದು ಚದರಡಿ ದರದಿಂದ. ಜಯನಗರ, ವಿಜಯಪುರ, ಕಲ್ಯಾಣನಗರ ಎಂದರೆ ದುಡ್ಡಿನವರ ಜಾಗ. ಉಪ್ಪಳ್ಳಿ, ಶಂಕರಪುರ ಎಂದರೆ ಕೂಲಿಯವರ ಜಾಗ ಎಂಬ ಲೆಕ್ಕ ಊರ ಬಾಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಪತ್ರಿಕೆಗಳೂ ನಿವೇಶನದ ಬೆಲೆಯನ್ನೇ ಹಿಡಿದುಕೊಂಡು ಬಡಾವಣೆಗಳಿಗೆ ಹಣೆಪಟ್ಟಿ ಕಟ್ಟುತ್ತವೆ. ಬೆಲೆ ಇರುವುದು ಜಾಗಕ್ಕೆ, ಆದಾಯ ಇರುವುದು ಅಲ್ಲಿ ವಾಸಿಸುವವರಿಗೆ. ಒಂದರಿಂದ ಇನ್ನೊಂದನ್ನು ಊಹಿಸಹೊರಟರೆ ಎಲ್ಲೆಲ್ಲಿ ಎಡವುತ್ತೇವೆ, ಸರಿಯಾಗಿ ಅಳೆಯುವುದಾದರೆ ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ. ಪತ್ರ ಉದ್ದವಾದರೆ ಮನ್ನಿಸಿ.

ಮೊದಲನೆಯದಾಗಿ, ಜನಗಣತಿಯಲ್ಲಿ ಆದಾಯದ ಪ್ರಶ್ನೆಯೇ ಇಲ್ಲ. ಗೋಡೆ, ಛಾವಣಿ, ನೆಲ, ನೀರಿನ ಮೂಲ, ಶೌಚಾಲಯ, ಅಡುಗೆಯ ಉರುವಲು, ಟಿ.ವಿ., ಸ್ಕೂಟರು, ಕಾರು ಇಷ್ಟನ್ನು ಕೇಳಿ ಅದು ಮುಂದಿನ ಮನೆಗೆ ಹೋಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಯಲ್ಲಿರುವ ವಸ್ತುಗಳ ಆಧಾರದ ಮೇಲೆ ಕುಟುಂಬಗಳನ್ನು ಐದು ಸಮಭಾಗ ಮಾಡುತ್ತಾರೆ. ಆದರೆ ಆ ಲೆಕ್ಕ ಜಿಲ್ಲೆಯಿಂದ ಕೆಳಕ್ಕೆ ಇಳಿಯುವುದಿಲ್ಲ. 2023–24ರ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ನಗರಗಳಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 6,996 ರೂಪಾಯಿ. ಬಸವನಹಳ್ಳಿಗೂ ಹಿರೇಮಗಳೂರಿಗೂ ಇರುವ ಅಂತರವನ್ನು ಆ ಸಂಖ್ಯೆಯಿಂದ ತೆಗೆಯಲು ಸಾಧ್ಯವೇ? ಇನ್ನು ತಲಾ ಆದಾಯದ ಪಟ್ಟಿಯಲ್ಲಿ ನಮ್ಮ ಜಿಲ್ಲೆ ಮೇಲಿನ ಸಾಲಿನಲ್ಲಿದೆ ಎಂದು ಹಿಗ್ಗುವವರಿದ್ದಾರೆ. ಅದು ಜಿಲ್ಲೆಯಲ್ಲಿ ಹುಟ್ಟಿದ ಉತ್ಪನ್ನದ ಮೌಲ್ಯವನ್ನು ತಲೆಗಳಿಂದ ಭಾಗಿಸಿದ ಲೆಕ್ಕ. ಆ ಹಣ ಯಾವ ತಲೆಗೆ ಎಷ್ಟು ತಲುಪಿತು, ಜಿಲ್ಲೆಯಲ್ಲಿ ಉಳಿಯಿತೋ ಬೆಂಗಳೂರಿಗೆ ಹೋಯಿತೋ ಎಂಬುದು ಅದರಲ್ಲಿ ಇರುವುದಿಲ್ಲ.

ಆದಾಯ ತೆರಿಗೆಯ ದಾರಿಯಿಂದ ಹೋಗೋಣ ಎಂದರೆ ಕಾಫಿ ನಾಡಿನಲ್ಲಿ ಅದು ಇನ್ನೂ ಕಷ್ಟ. ಹಣ್ಣನ್ನೋ ಒಣಗಿಸಿದ ಚೆರಿಯನ್ನೋ ಹಾಗೇ ಮಾರುವ ಬೆಳೆಗಾರರ ಗಳಿಕೆ ಕೃಷಿ ಆದಾಯ. ಕೇಂದ್ರದ ತೆರಿಗೆ ಅದರ ಮೇಲಿಲ್ಲ. ತಾವೇ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹದಗೊಳಿಸುವುದು) ಮಾಡಿ ಮಾರಿದರೆ 1962ರ ಆದಾಯ ತೆರಿಗೆ ನಿಯಮಗಳ 7ಬಿ ಪ್ರಕಾರ ಶೇ 25ರಷ್ಟು, ಹುರಿದು ಪುಡಿ ಮಾಡಿ ಮಾರಿದರೆ ಶೇ 40ರಷ್ಟು ಮಾತ್ರ ವ್ಯಾಪಾರದ ಆದಾಯವಾಗಿ ತೆರಿಗೆಗೆ ಬರುತ್ತದೆ ಎಂಬುದು ಬಹುಕಾಲದಿಂದ ನಡೆದುಬಂದ ಕ್ರಮ. ಹಾಗಾಗಿ 2024–25ರಲ್ಲಿ ಕಾಫಿ ಬೆಲೆ ದಾಖಲೆ ಮುಟ್ಟಿದಾಗ ಊರಿಗೆ ಹರಿದು ಬಂದ ಹಣದಲ್ಲಿ ಬಹುಪಾಲು ಯಾವ ಬಡಾವಣೆಯ ಲೆಕ್ಕದಲ್ಲೂ ಕಾಣುವುದಿಲ್ಲ. ಕಾಣುವುದು ಹೊಸ ಕಾರಿನಲ್ಲಿ, ಎರಡನೇ ಅಂತಸ್ತಿನಲ್ಲಿ, ಮಕ್ಕಳ ಕಾಲೇಜು ಶುಲ್ಕದಲ್ಲಿ.

ಜೊತೆಗೆ ತೋಟ ಮೂಡಿಗೆರೆಯಲ್ಲೋ ಆಲ್ದೂರಿನಲ್ಲೋ ಇರುತ್ತದೆ, ಮನೆ ಇಲ್ಲಿರುತ್ತದೆ. ಅದೇ ತೋಟದ ಕೂಲಿಯವರು ತೋಟದವರೇ ಕೊಟ್ಟ ಸಾಲುಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ, ನಗರಸಭೆಯ ಗಡಿಯಾಚೆ ಇರುತ್ತಾರೆ. ಅಂದರೆ ಈ ಊರಿನ ಸಿರಿತನದ ಒಂದು ತುದಿ ನಗರದೊಳಗಿದ್ದರೆ, ಅದಕ್ಕೆ ಜೋಡಿಯಾದ ಬಡತನದ ತುದಿ ಹಲವು ಮೈಲಿ ದೂರ, ಬೇರೆ ಪಂಚಾಯಿತಿಯಲ್ಲಿದೆ. ವಾರ್ಡುಗಳನ್ನಷ್ಟೇ ಹೋಲಿಸಿ ‘ಚಿಕ್ಕಮಗಳೂರಿನಲ್ಲಿ ಅಂತರ ಅಷ್ಟೇನೂ ಇಲ್ಲ’ ಎನ್ನುವವರು ಈ ಕೊಂಡಿಯನ್ನು ಕಡಿದಿಟ್ಟು ಮಾತಾಡುತ್ತಿದ್ದಾರೆ. ವಯಸ್ಸಾಗಿ ತೋಟದ ಕೆಲಸ ಬಿಟ್ಟ ಮೇಲೆ ಲೈನ್ ಮನೆ ಖಾಲಿ ಮಾಡಬೇಕಾದವರಲ್ಲಿ ಒಂದಷ್ಟು ಜನ ನಗರದ ಅಂಚಿನಲ್ಲಿ ಶೀಟಿನ ಮನೆ ಕಟ್ಟಿಕೊಂಡಾಗಲೇ ಆ ತುದಿ ನಮ್ಮ ಲೆಕ್ಕಕ್ಕೆ ಬರುವುದು.

ಈಗ, ಜನ ಸುಲಭಕ್ಕೆ ಹಿಡಿಯುವ ಅಳತೆಗೋಲುಗಳನ್ನು ಒಂದೊಂದಾಗಿ ನೋಡೋಣ.

ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆ ಎಲ್ಲರಿಗೂ ಸಿಗುತ್ತದೆ, ಕಾವೇರಿ ಜಾಲತಾಣದಲ್ಲೇ ನೋಡಬಹುದು. ರಸ್ತೆವಾರು, ಬಡಾವಣೆವಾರು ಇರುವುದರಿಂದ ಆಸೆ ಹುಟ್ಟಿಸುತ್ತದೆ. ಆದರೆ ರಾಜ್ಯದಾದ್ಯಂತ ಅದು ಪರಿಷ್ಕರಣೆಯಾದದ್ದು 2023ರ ಅಕ್ಟೋಬರ್ 1ರಂದು. ಮಾರುಕಟ್ಟೆ ಪರಿಷ್ಕರಣೆಗೆ ಕಾಯುತ್ತ ಕೂರುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಅದು ರಸ್ತೆಯ ವ್ಯಾಪಾರದ ಶಕ್ತಿಯನ್ನು ಅಳೆಯುತ್ತದೆ. ಎಂ.ಜಿ. ರಸ್ತೆ, ಐ.ಜಿ. ರಸ್ತೆಯ ಬೆಲೆಗೆ ಅಂಗಡಿ, ಹೋಟೆಲು, ಪ್ರವಾಸಿಗರು ಕಾರಣ. ಅದೇ ಅಂಗಡಿ ಸಾಲಿನ ಹಿಂದಿನ ಓಣಿಯಲ್ಲಿ ಒಂದೂವರೆ ಕೋಣೆಯಲ್ಲಿ ಬಾಡಿಗೆಗಿರುವ ದರ್ಜಿಯ ಆದಾಯಕ್ಕೂ ಆ ಬೆಲೆಗೂ ಸಂಬಂಧವಿಲ್ಲ. ಕೋಟೆ ಬಡಾವಣೆಯಂಥ ಊರಿನ ಹಳೆಯ ಭಾಗದಲ್ಲಿ ಪಿತ್ರಾರ್ಜಿತ ಮನೆಯ ಬೆಲೆ ಕೋಟಿ ದಾಟಿದ್ದರೂ ಒಳಗಿರುವ ಹಿರಿಯರಿಗೆ ತಿಂಗಳಿಗೆ ಬರುವುದು ಮುಂದಿನ ಕೋಣೆಯ ಬಾಡಿಗೆ ಮಾತ್ರ ಎಂಬಂಥ ಮನೆಗಳೂ ಇರುತ್ತವೆ. ಆಸ್ತಿಯಲ್ಲಿ ಶ್ರೀಮಂತ, ಕೈಯಲ್ಲಿ ಕಾಸಿಲ್ಲ. ಬಾಡಿಗೆಯನ್ನೇ ಹಿಡಿಯೋಣ ಎಂದರೆ ಭೋಗ್ಯದ ಪದ್ಧತಿ ಅಡ್ಡ ಬರುತ್ತದೆ: ಕೆಲವು ಲಕ್ಷ ಮುಂಗಡ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇರುವವರ ಮನೆಯ ಮುಂದೆ ‘ಬಾಡಿಗೆ: ಸೊನ್ನೆ’ ಎಂದು ಬರೆದುಕೊಂಡರೆ ಅವರು ಪುಕ್ಕಟೆ ಇದ್ದಾರೆಂದು ಅರ್ಥವಾಗಿಬಿಡುತ್ತದೆ. ಆ ಮೊತ್ತಕ್ಕೆ ಬ್ಯಾಂಕಿನ ಬಡ್ಡಿ ಹಾಕಿ ಹನ್ನೆರಡರಿಂದ ಭಾಗಿಸಿದರೆ ಬಾಡಿಗೆಯ ಅಂದಾಜು ಸಿಗುತ್ತದೆ.

ಬಿಪಿಎಲ್ ಚೀಟಿ ಎಷ್ಟು ಮನೆಯಲ್ಲಿದೆ ಎಂಬುದು ಎರಡನೇ ಅಳತೆಗೋಲು. ಕರ್ನಾಟಕದಲ್ಲಿ ಇದರ ಆದಾಯ ಮಿತಿ ವರ್ಷಕ್ಕೆ 1.20 ಲಕ್ಷ, ಅಂದರೆ ಇಡೀ ಕುಟುಂಬಕ್ಕೆ ತಿಂಗಳಿಗೆ ಹತ್ತು ಸಾವಿರ. ಗಾರೆ ಕೆಲಸದವರೊಬ್ಬರು ದಿನಕ್ಕೆ 800ರಂತೆ ತಿಂಗಳಿಗೆ 22 ದಿನ ದುಡಿದರು ಎಂದಿಟ್ಟುಕೊಳ್ಳಿ: 17,600 ರೂಪಾಯಿ. ಮಿತಿ ಆಗಲೇ ದಾಟಿತು. ಪ್ರಾಮಾಣಿಕವಾಗಿ ಬರೆದರೆ ಕೂಲಿಯವರೂ ಹೊರಗೆ. ಹಾಗಾಗಿ ಯಾರೂ ಹಾಗೆ ಬರೆಯುವುದಿಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಮಾನ್ಯತೆ ಇರುವುದರಿಂದ ಅದರಲ್ಲಿರುವ ಅಂಕಿ ಹಳತೂ ಹೌದು. ಪರಿಣಾಮವಾಗಿ ನಿಜಕ್ಕೂ ಕಷ್ಟದಲ್ಲಿರುವ ಬೀದಿಯೂ, ಮಧ್ಯಮ ವರ್ಗದ ಅಂಚಿಗೆ ಬಂದಿರುವ ಬೀದಿಯೂ ಚೀಟಿಯ ಲೆಕ್ಕದಲ್ಲಿ ಒಂದೇ ಬಣ್ಣ. ಈ ಮಿತಿಯನ್ನು ಹೀಗೇ ಇಟ್ಟುಕೊಂಡಿರುವುದು ಸರ್ಕಾರ ಜನರಿಗೆ ಸುಳ್ಳು ಹೇಳಲು ಕಲಿಸಿದಂತೆಯೇ ಎಂಬುದು ನಮ್ಮ ಅಭಿಪ್ರಾಯ.

ವಿದ್ಯುತ್ ಬಿಲ್ಲು ಮೂರನೆಯದು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ, 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಉಚಿತ. ಶೂನ್ಯ ಬಿಲ್ಲಿನ ಮನೆಗಳನ್ನು ಎಣಿಸಿ ಬಡವರನ್ನು ಗುರುತಿಸಬಹುದಲ್ಲ ಎನ್ನಿಸುತ್ತದೆ. ಇಲ್ಲಿ ಎರಡು ಕಡೆಯಿಂದ ಲೆಕ್ಕ ತಪ್ಪುತ್ತದೆ. ವಠಾರದಲ್ಲಿ ಮೂರು ಸಂಸಾರಕ್ಕೆ ಒಂದೇ ಮೀಟರು ಇದ್ದರೆ ಒಟ್ಟು ಬಳಕೆ 200 ದಾಟಿ ಅವರು ‘ಉಳ್ಳವರ’ ಸಾಲಿಗೆ ಸೇರುತ್ತಾರೆ. ಇತ್ತ ಬೆಳೆಗಾರರ ಪೇಟೆಮನೆ ವರ್ಷದಲ್ಲಿ ಎಂಟು ತಿಂಗಳು ಬೀಗ ಹಾಕಿಕೊಂಡಿದ್ದು ತಿಂಗಳಿಗೆ ಹತ್ತು ಯೂನಿಟ್ ಸುಡುತ್ತದೆ, ಛಾವಣಿಯ ಮೇಲೆ ಸೋಲಾರ್ ನೀರಿನ ತೊಟ್ಟಿಯೂ ಇರುತ್ತದೆ. ಅದು ‘ಬಡವರ’ ಸಾಲಿಗೆ. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗ ನಡೆಸಿದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲಿ ಮನೆಗಳನ್ನು ಗುರುತಿಸಿದ್ದು ಮೀಟರಿನ ಆರ್.ಆರ್. ಸಂಖ್ಯೆಯಿಂದಲೇ. ಮನೆ ಹುಡುಕಲು ಅದು ಒಳ್ಳೆಯ ಉಪಾಯ. ಆದರೆ ಒಂದು ಮೀಟರ್ ಒಂದು ಕುಟುಂಬ ಎಂದು ಹಿಡಿದುಕೊಂಡು ಹೋದರೆ ಕೂಲಿಯವರ ಬೀದಿಗಳಲ್ಲೇ ಹೆಚ್ಚು ಜನ ಕೈತಪ್ಪುತ್ತಾರೆ. ಬಾಗಿಲಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಇಲ್ಲಿ ಎಷ್ಟು ಒಲೆ ಉರಿಯುತ್ತದೆ?’ ಎಂಬುದು.

ಮನೆಯ ನೋಟವೂ ಮಲೆನಾಡಿನಲ್ಲಿ ಬೇರೆ ರೀತಿ ಮೋಸ ಮಾಡುತ್ತದೆ. ಹೆಂಚಿನ ಮಾಡು ಬಡತನದ ಗುರುತು ಎಂದು ಬಯಲುಸೀಮೆಯಿಂದ ಬಂದ ಗಣತಿದಾರರು ಬರೆದುಕೊಂಡರೆ, ಹಳೆಯ ತೊಟ್ಟಿಮನೆ, ಬಂಗಲೆಗಳೆಲ್ಲ ಬಡವರವಾಗುತ್ತವೆ. ಇಲ್ಲಿ ನೋಡಬೇಕಾದದ್ದು ಹೆಂಚೋ ಆರ್‌ಸಿಸಿಯೋ ಎಂದಲ್ಲ. ಶೀಟು ಎಲ್ಲಿದೆ, ಅದರಡಿ ಮಲಗುವವರು ಎಷ್ಟು ಎಂದು. ಸೌದೆಯೂ ಹಾಗೆಯೇ. ಚಳಿ, ಮಳೆಯ ಊರಿನಲ್ಲಿ ಅನುಕೂಲಸ್ಥರ ಬಚ್ಚಲುಮನೆಯಲ್ಲೂ ಹಂಡೆಯ ಒಲೆ ಉರಿಯುತ್ತದೆ. ‘ಸೌದೆ ಬಳಸುತ್ತೀರಾ?’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ‘ಅನ್ನ ಬೇಯಿಸುವುದು ಯಾವುದರಲ್ಲಿ, ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ಸಿಲಿಂಡರ್ ತಂದಿರಿ?’ ಎಂದು ಕೇಳಿ. ಉಜ್ವಲಾ ಸಂಪರ್ಕ ಇರುವುದು ಬೇರೆ, 14.2 ಕಿಲೋ ಸಿಲಿಂಡರನ್ನು ಮತ್ತೆ ಮತ್ತೆ ತುಂಬಿಸುವ ತಾಕತ್ತು ಇರುವುದು ಬೇರೆ. ವರ್ಷಕ್ಕೆ ಮೂರು ತರುವ ಮನೆಗೂ ಒಂಬತ್ತು ತರುವ ಮನೆಗೂ ಇರುವ ವ್ಯತ್ಯಾಸ ಆದಾಯದ ವ್ಯತ್ಯಾಸಕ್ಕೆ ಬಹಳ ಹತ್ತಿರ.

ಜಮೀನು ಇದೆಯೇ ಎಂಬ ಪ್ರಶ್ನೆಯಂತೂ ನಮ್ಮ ಜಿಲ್ಲೆಯಲ್ಲಿ ಹಾಸ್ಯಾಸ್ಪದ. ಗ್ರಾಹಕರನ್ನು ವರ್ಗೀಕರಿಸುವ ಮಾರುಕಟ್ಟೆ ಸಂಶೋಧಕರು 2011ರಲ್ಲಿ ತಂದ ಹನ್ನೊಂದು ವಸ್ತುಗಳ ಪಟ್ಟಿಯಲ್ಲಿ ಫ್ಯಾನು, ಫ್ರಿಜ್ಜು, ಕಾರುಗಳ ಜೊತೆ ಕೃಷಿ ಜಮೀನೂ ಇದೆ. ಇದ್ದರೆ ಹೌದು, ಇಲ್ಲದಿದ್ದರೆ ಇಲ್ಲ, ಅಷ್ಟೇ. ನೀರಾವರಿಯಿರುವ ಐದು ಎಕರೆ ಕಾಫಿ, ಅದರ ಮೇಲೆ ಹಬ್ಬಿದ ಮೆಣಸು ಒಂದು ಕಡೆ. ಕಡೂರಿನ ಖುಷ್ಕಿಯಲ್ಲಿ ಮಳೆ ನಂಬಿ ರಾಗಿ ಬಿತ್ತುವ ಐದು ಎಕರೆ ಇನ್ನೊಂದು ಕಡೆ. ಎರಡಕ್ಕೂ ಒಂದೇ ಗುರುತು ಹಾಕಿದರೆ ಆ ಅಂಕಿಯನ್ನು ಎಸೆಯುವುದೇ ಮೇಲು. ಬೆಳೆ ಯಾವುದು, ನೀರು ಇದೆಯೇ ಎಂಬ ಎರಡು ಪ್ರಶ್ನೆ ಸೇರಿಸಲೇಬೇಕು.

ಆದಾಯವನ್ನು ನೇರವಾಗಿ ಕೇಳುವುದಾದರೆ ಯಾರನ್ನು ಯಾವ ಅವಧಿಗೆ ಕೇಳಬೇಕು ಎಂಬುದರಲ್ಲಿ ಅರ್ಧ ಗೆಲುವಿದೆ. ಸಂಬಳದವರನ್ನು ತಿಂಗಳಿಗೆ, ದಿನಗೂಲಿಯವರನ್ನು ಕಳೆದ ವಾರಕ್ಕೆ, ಬೆಳೆಗಾರರನ್ನು ಕಳೆದ ಕೊಯ್ಲಿಗೆ ಕೇಳಬೇಕು. ಅರೇಬಿಕಾ ಸುಮಾರಾಗಿ ನವೆಂಬರ್‌ನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಹಣ ಕೈಗೆ ಬರುವುದು ಆಮೇಲೆ, ಮಾರಲು ಮನಸ್ಸಾದಾಗ. ಅವರನ್ನು ‘ತಿಂಗಳಿಗೆ ಎಷ್ಟು?’ ಎಂದರೆ ಬಾಯಿಗೆ ಬಂದದ್ದು ಹೇಳುತ್ತಾರೆ, ತಪ್ಪು ಅವರದಲ್ಲ. ಸಮೀಕ್ಷೆಯ ತಿಂಗಳೂ ಮುಖ್ಯ. ಜುಲೈ ಮಳೆಯಲ್ಲಿ ಬಣ್ಣ ಬಳಿಯುವವರು, ಸೆಂಟ್ರಿಂಗ್‌ನವರು, ಗಾರೆಯವರು ವಾರದಲ್ಲಿ ಎರಡು ಮೂರು ದಿನ ಕೆಲಸ ಸಿಕ್ಕರೆ ಪುಣ್ಯ. ಜನವರಿಯಲ್ಲಿ ಆರು ದಿನ. ಒಂದೇ ಬೀದಿಯನ್ನು ಈ ಎರಡು ತಿಂಗಳಲ್ಲಿ ಅಳೆದರೆ ಎರಡು ಬೇರೆ ಊರು ಎನಿಸುತ್ತದೆ. ಎರಡೂ ಸಲ ಹೋಗಲು ಆಗದಿದ್ದರೆ ‘ಮಳೆಗಾಲದಲ್ಲಿ ವಾರಕ್ಕೆ ಎಷ್ಟು ದಿನ, ಬೇಸಿಗೆಯಲ್ಲಿ ಎಷ್ಟು ದಿನ?’ ಎಂದು ಬೇರೆ ಬೇರೆಯಾಗಿ ಕೇಳಿ ವರ್ಷದ ಲೆಕ್ಕ ಕಟ್ಟಬೇಕು.

ಬಂದ ಮೊತ್ತವನ್ನು ಮನೆಯ ತಲೆಗಳಿಗೆ ಹಂಚದೆ ಹೋಲಿಸಬಾರದು. ಏಳು ಜನರ ಮನೆಗೆ ತಿಂಗಳಿಗೆ 40,000, ಗಂಡ ಹೆಂಡತಿ ಇಬ್ಬರೇ ಇರುವ ಪಿಂಚಣಿದಾರರ ಮನೆಗೆ 30,000 ಬರುತ್ತದೆ ಎನ್ನೋಣ. ಮನೆ ಲೆಕ್ಕದಲ್ಲಿ ಮೊದಲನೆಯದು ಮೇಲು. ತಲಾ ಲೆಕ್ಕದಲ್ಲಿ 5,714 ಎದುರು 15,000. ಒಂದೇ ಬಾಡಿಗೆ, ಒಂದೇ ಒಲೆಯನ್ನು ಹಂಚಿಕೊಳ್ಳುವ ಉಳಿತಾಯವನ್ನೂ ಪರಿಗಣಿಸಲು ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸುವ ಕ್ರಮವಿದೆ. ಆಗ ಸುಮಾರು 15,100 ಎದುರು 21,200. ಯಾವ ಕ್ರಮ ಬಳಸಿದ್ದೀರಿ ಎಂದು ಹೇಳಿದರೆ ಸಾಕು, ಓದುಗರು ಅರ್ಥ ಮಾಡಿಕೊಳ್ಳುತ್ತಾರೆ.

ಇನ್ನು ಸರಾಸರಿ. ಒಂದು ಬೀದಿಯ ಹತ್ತು ಮನೆಗಳಲ್ಲಿ ಒಂಬತ್ತಕ್ಕೆ ತಿಂಗಳಿಗೆ 20,000, ಹತ್ತನೆಯದಕ್ಕೆ ಐದು ಲಕ್ಷ ಬಂದರೆ ಸರಾಸರಿ 68,000. ಆ ಬೀದಿಯಲ್ಲಿ 68,000 ಗಳಿಸುವ ಮನೆ ಒಂದೂ ಇಲ್ಲ! ಆದಾಯದ ಕ್ರಮದಲ್ಲಿ ಮನೆಗಳನ್ನು ಜೋಡಿಸಿ ನಡುವಿನ ಮನೆಯ ಅಂಕಿ ಹೇಳಿ, ಅದರ ಜೊತೆಗೆ ಕೆಳಗಿನ ಕಾಲುಭಾಗ, ಮೇಲಿನ ಕಾಲುಭಾಗ ಎಲ್ಲಿ ಮುಗಿಯುತ್ತದೆ ಎಂದು ಹೇಳಿ.

ಬಡಾವಣೆಗಳ ಹೋಲಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಅನ್ಯಾಯ ಮಾಡುವುದು ವಾರ್ಡಿನ ಗಡಿ. 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ನಗರಸಭೆಯ ಜನಸಂಖ್ಯೆ 1,18,401. ಈಗಿರುವ 35 ವಾರ್ಡುಗಳಿಗೆ ಹಂಚಿದರೆ ವಾರ್ಡಿಗೆ ಸುಮಾರು 3,380 ಜನ, ಮನೆಗೆ ನಾಲ್ವರಂತೆ 850 ಮನೆ. ಇಂಥ ಒಂದು ವಾರ್ಡಿನಲ್ಲಿ ಅಚ್ಚುಕಟ್ಟಾದ ಬಡಾವಣೆಯ 600 ಮನೆ, ಅದರ ಹಿಂದಿನ ಇಳಿಜಾರಿನಲ್ಲಿ 250 ಶೀಟಿನ ಮನೆ ಇವೆ ಎಂದು ಭಾವಿಸಿ. ಮೊದಲನೆಯದರಲ್ಲಿ ಶೇ 95, ಎರಡನೆಯದರಲ್ಲಿ ಶೇ 30 ಮನೆಗಳಲ್ಲಿ ಫ್ರಿಜ್ಜು. ಒಟ್ಟು ವಾರ್ಡಿನ ಅಂಕಿ ಶೇ 76. ‘ಮುಂದುವರಿದ ವಾರ್ಡು’ ಎಂದು ಮುದ್ರೆ ಬಿತ್ತು. ಆ 250 ಮನೆಗಳು ಕಾಗದದಿಂದ ಮಾಯ.

ಇದು ಬರೀ ಕಲ್ಪನೆಯ ಲೆಕ್ಕವಾಗಿ ಉಳಿಯದಿರುವುದಕ್ಕೆ ಕಾರಣವಿದೆ. ಮನೆಗೆಲಸದವರು, ತೋಟದ ಮಾಲಿ, ಕಾರು ಓಡಿಸುವವರು, ಇಸ್ತ್ರಿಯವರು ನಡೆದು ಬರುವಷ್ಟು ಹತ್ತಿರದಲ್ಲೇ ಇರಬೇಕಾಗುತ್ತದೆ. ಬೆಳಿಗ್ಗೆ ಏಳಕ್ಕೆ ಪಾತ್ರೆ ತೊಳೆಯಲು ಬರಬೇಕಾದವರು ಬಸ್ಸಿಗೆ ಕಾದು ಬರಲಾರರು. ಹಾಗಾಗಿ ಸಿರಿವಂತ ಬಡಾವಣೆಯ ಬೆನ್ನಿಗೇ ಕೂಲಿಯವರ ಓಣಿಯೊಂದು ಬೆಳೆಯುತ್ತದೆ. ಹಿರೇಮಗಳೂರು, ದಂಟರಮಕ್ಕಿಯಂತೆ ಊರು ನುಂಗಿಕೊಂಡ ಹಳ್ಳಿಗಳ ಕಡೆ ಇನ್ನೊಂದು ಬಗೆ: ಹಳೆಯ ಊರಿನ ಬೀದಿ, ಅದರ ಪಕ್ಕದ ಕೇರಿ, ಜಮೀನು ಮಾರಿ ಕಟ್ಟಿದ ಹೊಸ ಮನೆ, ಹೊರಗಿನವರು ಕೊಂಡ ನಿವೇಶನ ಎಲ್ಲವೂ ಕೂಗಳತೆಯಲ್ಲಿ. ಬಡಾವಣೆ ನಿರ್ಮಿಸುವಾಗ ನಿವೇಶನದ ಅಳತೆ ಗೊತ್ತುಮಾಡಿದಾಗಲೇ ಮುಂದಿನ ಮೂವತ್ತು ವರ್ಷಕ್ಕೆ ಅಲ್ಲಿ ಯಾರು ಇರಬೇಕೆಂದು ತೀರ್ಮಾನವಾಗಿರುತ್ತದೆ. 50×80, 40×60 ಒಂದು ವರ್ಗ, 30×40 ಸಂಬಳದವರು, 20×30 ಮೂಲೆಗೆ, ಬಹಳ ಸಲ ಚರಂಡಿಯ ಕಡೆಗೆ.

ಇದಾವುದೂ ಕೈಗೆಟುಕದವರು ಹೋಗುವುದು ರೆವಿನ್ಯೂ ನಿವೇಶನಕ್ಕೆ. ಅಲ್ಲಿ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇಲ್ಲ, ರಸ್ತೆಯ ಅಗಲ ಮಾರಿದವರ ಮರ್ಜಿ, ಚರಂಡಿ ಆಮೇಲೆ ನೋಡೋಣ ಎಂಬ ಮಾತು. 2025ರಲ್ಲಿ ನಗರ ಸ್ಥಳೀಯ ಸಂಸ್ಥೆಗಳು 2024ರ ಸೆಪ್ಟೆಂಬರ್ 10ಕ್ಕೆ ಮುಂಚಿನ ಇಂಥ ಆಸ್ತಿಗಳಿಗೆ ಬಿ-ಖಾತಾ ಕೊಡಲು ಅಭಿಯಾನ ನಡೆಸಿದವು. ಮೊದಲ ವರ್ಷ ದುಪ್ಪಟ್ಟು ತೆರಿಗೆ ಕಟ್ಟಿಸಿಕೊಂಡು. ಅನುಮೋದನೆ ಪಡೆದ ಆಸ್ತಿಯ ಎ-ಖಾತೆಗೆ ನಮೂನೆ-3, ಬಿ-ಖಾತೆಗೆ ನಮೂನೆ-3ಎ. ಬೀದಿಬೀದಿಯ ಆರ್ಥಿಕ ಸ್ಥಿತಿ ತಿಳಿಯಬೇಕಾದವರಿಗೆ ಈ ಎರಡು ನಮೂನೆಗಳ ಅನುಪಾತದಷ್ಟು ಉಪಯುಕ್ತ ಅಂಕಿ ನಗರಸಭೆಯ ಬಳಿ ಇನ್ನೊಂದಿಲ್ಲ. ಬಿ-ಖಾತೆಗೆ ಬ್ಯಾಂಕಿನ ಗೃಹಸಾಲ ಸಿಗುವುದು ಕಷ್ಟ. ಸಾಲ ಇಲ್ಲದ ಮನೆ ಚೀಟಿ ಎತ್ತಿದಾಗೊಂದು ಗೋಡೆ, ಸಂಘದ ಸಾಲ ಬಂದಾಗೊಂದು ಮೋಲ್ಡು ಎಂದು ಕಂತುಕಂತಾಗಿ ಏಳುತ್ತದೆ. ಗೃಹಸಾಲದ ಬಡ್ಡಿಗಿಂತ ಕಿರುಸಾಲದ ಬಡ್ಡಿ ಎಷ್ಟು ದುಬಾರಿ ಎಂಬುದನ್ನು ಹೇಳಬೇಕಾಗಿಲ್ಲ. ಒಂದೇ ಆದಾಯವಿದ್ದರೂ ಖಾತೆಯ ಅಕ್ಷರ ಬದಲಾದರೆ ಕೈಯಲ್ಲಿ ಉಳಿಯುವ ಹಣ ಬದಲಾಗುತ್ತದೆ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡು ಭೂ ಕಂದಾಯ ಕಾಯ್ದೆಯ 94ಸಿಸಿ ಕಲಮಿನ ಹಕ್ಕುಪತ್ರಕ್ಕೆ ಅರ್ಜಿ ಹಾಕಿ ಕಾಯುತ್ತಿರುವವರು ಇವರಿಗಿಂತಲೂ ಒಂದು ಮೆಟ್ಟಿಲು ಕೆಳಗೆ.

ಸಿದ್ಧ ಅಳತೆಪಟ್ಟಿಗಳಿಲ್ಲವೇ ಎಂದು ಕೇಳಬಹುದು. ವೈದ್ಯಕೀಯ ಕಾಲೇಜುಗಳು ಇಂದಿಗೂ ಬಳಸುವ ಕುಪ್ಪುಸ್ವಾಮಿ ಮಾಪನ 1976ರದು; ಮನೆಯ ಯಜಮಾನರ ಓದು, ಉದ್ಯೋಗ, ಕುಟುಂಬದ ಆದಾಯ ಎಂಬ ಮೂರಕ್ಕೆ ಸೇರಿ 3ರಿಂದ 29 ಅಂಕ. ಆದಾಯದ ಹಂತಗಳನ್ನು ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಆಗಾಗ ತಿದ್ದದಿದ್ದರೆ ಎಲ್ಲರೂ ಮೇಲ್ವರ್ಗಕ್ಕೆ ಏರಿಬಿಡುತ್ತಾರೆ. ನಗರದ ಬಡವರನ್ನು ಗುರುತಿಸಲು ಎಸ್.ಆರ್. ಹಾಶಿಂ ಸಮಿತಿ 2012ರಲ್ಲಿ ಕೊಟ್ಟ ವರದಿ, ಫ್ರಿಜ್ಜು, ಸ್ಥಿರ ದೂರವಾಣಿ, ವಾಷಿಂಗ್ ಮಷೀನು, ದ್ವಿಚಕ್ರ ವಾಹನ ಈ ನಾಲ್ಕರಲ್ಲಿ ಮೂರು ಇದ್ದರೆ ಪಟ್ಟಿಯಿಂದ ಹೊರಗಿಡಿ ಎಂದಿತ್ತು. ಸ್ಥಿರ ದೂರವಾಣಿ ಈಗ ಯಾರ ಮನೆಯಲ್ಲೂ ಉಳಿದಿಲ್ಲ ಎನ್ನಬಹುದು. ಬೈಕು ಬಣ್ಣ ಬಳಿಯುವವರ ಏಣಿ ಹೊರುವ ಸಾಧನ. ಅಳತೆಗೋಲಿಗೂ ವಯಸ್ಸಾಗುತ್ತದೆ.

ಬೀದಿಮಟ್ಟದಲ್ಲಿ ಕೆಲಸಕ್ಕೆ ಬರುವುದು ಏಳು ಪ್ರಶ್ನೆಗಳ, ತಲಾ ಎರಡು ಅಂಕದ, ಒಟ್ಟು 14 ಅಂಕದ ಪಟ್ಟಿ. ಮಲಗುವ ಕೋಣೆಗೆ ಇಬ್ಬರಿಗಿಂತ ಕಡಿಮೆ ಇದ್ದರೆ ಎರಡು ಅಂಕ, ಎರಡರಿಂದ ಮೂವರು ಇದ್ದರೆ ಒಂದು, ಹೆಚ್ಚಾದರೆ ಸೊನ್ನೆ. ಮನೆಯೊಳಗೆ ನಲ್ಲಿ ಮತ್ತು ಸಂಪು ಎರಡೂ ಇದ್ದರೆ ಎರಡು, ನಲ್ಲಿ ಮಾತ್ರ ಇದ್ದರೆ ಒಂದು, ಬೀದಿ ನಲ್ಲಿಯಾದರೆ ಸೊನ್ನೆ. ಊರಿಗೆ ಯಗಚಿ ಮತ್ತು ಹಿರೇಕೊಳಲೆ ಕೆರೆಯ ನೀರು ಬರುತ್ತದೆ. ಬಿಟ್ಟಾಗ ಹಿಡಿದಿಟ್ಟುಕೊಳ್ಳಲು ಸಂಪು ಇಲ್ಲದ ಮನೆಯವರಲ್ಲಿ ಒಬ್ಬರು ಅವತ್ತಿನ ಕೂಲಿ ಬಿಟ್ಟು ಕೊಡದ ಮುಂದೆ ಕೂರಬೇಕು, ಆದ್ದರಿಂದ ಸಂಪಿಗೆ ಇಷ್ಟು ತೂಕ. ವರ್ಷಕ್ಕೆ ಎಂಟಕ್ಕೆ ಕಡಿಮೆಯಿಲ್ಲದಂತೆ ಸಿಲಿಂಡರ್ ತಂದರೆ ಎರಡು, ನಾಲ್ಕರಿಂದ ಏಳಾದರೆ ಒಂದು. ಮುಖ್ಯ ದುಡಿಮೆಗಾರರದು ಕಾಯಂ ಸಂಬಳ, ಪಿಂಚಣಿ, ಸ್ವಂತ ತೋಟ ಅಥವಾ ಅಂಗಡಿಯಾದರೆ ಎರಡು, ಗುತ್ತಿಗೆ ನೌಕರಿ, ಆಟೊ ಇಂಥವಕ್ಕೆ ಒಂದು, ದಿನಗೂಲಿಗೆ ಸೊನ್ನೆ. ಇಪ್ಪತ್ತೈದು ದಾಟಿದ ಹೆಂಗಸರಲ್ಲಿ ಹೆಚ್ಚು ಓದಿದವರು ಪದವೀಧರರಾದರೆ ಎರಡು, ಎಸ್ಸೆಸ್ಸೆಲ್ಸಿ, ಪಿಯುಸಿ ಮಟ್ಟಕ್ಕೆ ಒಂದು. ಫ್ರಿಜ್ಜು, ವಾಷಿಂಗ್ ಮಷೀನಿಗೆ ಒಂದೊಂದು. ಕಾರಿಗೆ ಎರಡು, ಬೈಕಿಗೆ ಒಂದು. ಟ್ಯಾಕ್ಸಿ ಓಡಿಸುವ ಹಳದಿ ಫಲಕದ ಕಾರು ದುಡಿಮೆಯ ಸಾಧನ, ಅದಕ್ಕೆ ಒಂದೇ ಅಂಕ. 0–4, 5–9, 10–14 ಎಂದು ಮೂರು ಪಟ್ಟಿ ಮಾಡಿ, ಬೀದಿಯ ಸರಾಸರಿ ಅಂಕ ಹೇಳದೆ, ಪ್ರತಿ ಪಟ್ಟಿಯಲ್ಲಿ ಶೇಕಡಾ ಎಷ್ಟು ಮನೆ ಎಂದು ಹೇಳಬೇಕು. ವಾಷಿಂಗ್ ಮಷೀನು ಕಂತಿನ ಮೇಲೆ ಬಂದದ್ದೋ ಎಂದು ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಕಂತಿನ ವಸ್ತುಗಳೇ ತುಂಬಿದ ಬೀದಿ ಮೇಲೇರುತ್ತಿದೆಯೋ ಮುಳುಗುತ್ತಿದೆಯೋ ಎಂಬುದು ಸಾಲದ ಪ್ರಶ್ನೆ ಕೇಳಿದ ಮೇಲಷ್ಟೇ ತಿಳಿಯುವುದು.

ಘಟಕ ಎಷ್ಟು ದೊಡ್ಡದಿರಬೇಕು? 2011ರ ಜನಗಣತಿಯ ಗಣತಿ ಬ್ಲಾಕಿನಷ್ಟು, ಸುಮಾರು 650 ಜನ, ಹೆಚ್ಚುಕಡಿಮೆ 150 ಮನೆ. ವಾರ್ಡಿಗೆ ಐದು ಬ್ಲಾಕು, ಇಡೀ ನಗರಕ್ಕೆ 2011ರ ಜನಸಂಖ್ಯೆಯಂತೆ ಸುಮಾರು 180. ವಾರ್ಡಿಗೆ 30 ಮನೆ ಕೇಳಿ ಪತ್ರಿಕಾಗೋಷ್ಠಿ ಕರೆಯುವ ಸಮೀಕ್ಷೆಗಳನ್ನು ನಂಬಬೇಡಿ: 30 ಮನೆಯ ಮಾದರಿಯಲ್ಲಿ ಶೇ 50 ಎಂದು ಬಂದ ಅಂಕಿ ನಿಜಕ್ಕೂ 32ರಿಂದ 68ರವರೆಗೆ ಎಲ್ಲಿಯೂ ಇರಬಹುದು. ನೂರು ಮನೆಗೆ ಈ ಅಂತರ ಹತ್ತತ್ತು, ನಾನೂರಕ್ಕೆ ಐದೈದು. ಬ್ಲಾಕಿನಲ್ಲಿ 150 ಮನೆ ಮಾತ್ರ ಇರುವಾಗ ಮಾದರಿಯ ಗೊಡವೆ ಬಿಟ್ಟು ಎಲ್ಲ ಮನೆಗೂ ಹೋಗುವುದೇ ವಾಸಿ. ಮನೆಗೆ ಇಪ್ಪತ್ತು ನಿಮಿಷವಾದರೆ 50 ಗಂಟೆ. ಇಬ್ಬರು ದಿನಕ್ಕೆ ನಾಲ್ಕು ಗಂಟೆಯಂತೆ ಸುತ್ತಿದರೆ ಒಂದು ವಾರ. ಹೋಗುವುದು ಸಂಜೆ ಐದರ ಮೇಲೆ, ಇಲ್ಲವೇ ಭಾನುವಾರ. ಹಗಲು ಹೊತ್ತು ಹೋದರೆ ಕೂಲಿಯವರ ಮನೆಗಳಿಗೇ ಬೀಗ. ‘ಬೀಗ ಹಾಕಿದೆ’ ಎಂದು ಬಿಟ್ಟ ಮನೆಗಳಲ್ಲಿ ಬಡವರೇ ಹೆಚ್ಚಾಗಿ ಇಡೀ ಬ್ಲಾಕು ಇರುವುದಕ್ಕಿಂತ ಅನುಕೂಲಸ್ಥವಾಗಿ ಕಾಣುತ್ತದೆ.

ಆದಾಯದಿಂದಷ್ಟೇ ವರ್ಗ ತಿಳಿಯುವುದಿಲ್ಲ ಎಂಬುದನ್ನೂ ಸೇರಿಸಬೇಕು. ನಿವೃತ್ತ ಶಿಕ್ಷಕಿಗಿಂತ ಮಣ್ಣು ಸಾಗಿಸುವ ಲಾರಿ ಮಾಲೀಕರ ಕೈಯಲ್ಲಿ ದುಡ್ಡು ಹೆಚ್ಚಿರಬಹುದು. ಆದರೆ ಶಿಕ್ಷಕಿಗೆ ಪ್ರತಿ ತಿಂಗಳೂ ಪಿಂಚಣಿ ಬರುತ್ತದೆ, ಕಚೇರಿಯಲ್ಲಿ ಅರ್ಜಿ ಬರೆಯಲು ಬರುತ್ತದೆ, ಹಳೆಯ ವಿದ್ಯಾರ್ಥಿ ಯಾವುದೋ ಇಲಾಖೆಯಲ್ಲಿರುತ್ತಾರೆ. ಚರಂಡಿ ಕಟ್ಟಿಕೊಂಡರೆ ಯಾರ ಬೀದಿ ಮೊದಲು ಸರಿಯಾಗುತ್ತದೆ ಎಂಬುದು ಇದರ ಮೇಲೆ ನಿಂತಿದೆ. ಹಾಗೆಯೇ, ದುಡ್ಡು ಕೊಡುತ್ತೇನೆಂದರೂ ಎಲ್ಲ ಬೀದಿಯಲ್ಲಿ ಎಲ್ಲರಿಗೂ ಬಾಡಿಗೆ ಮನೆ ಸಿಗುವುದಿಲ್ಲ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕ ಅಡುಗೆಯ ಬಗ್ಗೆ ಮಾತ್ರ ಹಾಕಿದ್ದಲ್ಲ ಎಂಬುದು ಓದುವವರಿಗೂ ಹಾಕಿದವರಿಗೂ ಗೊತ್ತು. ಹಾಗಾಗಿ ಜಾತಿ, ಧರ್ಮದ ಕಾರಣಕ್ಕೆ ಒಂದೇ ಕಡೆ ಉಳಿದ ಅನುಕೂಲಸ್ಥರೂ ಬಡವರೂ ಒಟ್ಟಿಗಿರುವ ಬಡಾವಣೆಗಳಿವೆ. ಉಪ್ಪಳ್ಳಿಯಂಥ ದೊಡ್ಡ ಪ್ರದೇಶಕ್ಕೆ ಒಂದೇ ಹಣೆಪಟ್ಟಿ ಕಟ್ಟುವುದು ಅದಕ್ಕೇ ತಪ್ಪು.

ಇಷ್ಟೆಲ್ಲ ಯಾಕೆ ಬೇಕು ಎಂದರೆ, ನಗರಸಭೆಯ ಅನುದಾನದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ಮೀಸಲಿಡುವ ಪದ್ಧತಿಯಿದೆ. ಅದರಲ್ಲಿ ರಸ್ತೆ, ಚರಂಡಿಯಂಥ ಕಾಮಗಾರಿಗೆ ಹೋಗುವ ಪಾಲು ಎಲ್ಲಿಗೆ ಹೋಗಬೇಕೆಂದು ಬೀದಿ ಗೊತ್ತಿಲ್ಲದೆ ನಿರ್ಧರಿಸುವುದು ಹೇಗೆ? ವಾರ್ಡಿಗೆ ಇಂತಿಷ್ಟು ಎಂದು ಸಮನಾಗಿ ಹಂಚಿದರೆ ಸದಸ್ಯರಲ್ಲಿ ಜಗಳ ತಪ್ಪುತ್ತದೆ, ಸರಿ. ಆದರೆ ಮೇಲೆ ಹೇಳಿದ 600 ಮತ್ತು 250 ಮನೆಗಳ ವಾರ್ಡಿನಲ್ಲಿ ಆ ಹಣ ಇಳಿಜಾರಿಗೆ ಇಳಿಯುವ ಖಾತ್ರಿಯಿಲ್ಲ. 1973ರ ಕೊಳೆಗೇರಿ ಕಾಯ್ದೆಯಡಿ ಘೋಷಣೆಯಾದ ಪ್ರದೇಶಗಳ ಪಟ್ಟಿಯನ್ನಷ್ಟೇ ನೆಚ್ಚಿಕೊಂಡರೂ ಸಾಲದು. ಘೋಷಣೆಯಾದ ಮೇಲೆ ಮೇಲೆದ್ದ ಬೀದಿಗಳು ಅದರಲ್ಲಿ ಉಳಿದಿರುತ್ತವೆ, ಆಮೇಲೆ ಹುಟ್ಟಿದ ಓಣಿಗಳು ಅದರಲ್ಲಿ ಇರುವುದಿಲ್ಲ. 2011ರ ಜನಗಣತಿಯಲ್ಲಿ ಘೋಷಣೆಯಾಗದಿದ್ದರೂ 60–70 ಮನೆ ಒತ್ತೊತ್ತಾಗಿದ್ದರೆ ಕೊಳೆಗೇರಿ ಬ್ಲಾಕೆಂದು ಗುರುತಿಸಿದ್ದರು. ಅದಕ್ಕಿಂತ ಚಿಕ್ಕ, ಇಪ್ಪತ್ತು ಮೂವತ್ತು ಮನೆಯ ಗುಂಪುಗಳು ಆಗಲೂ ಲೆಕ್ಕಕ್ಕೆ ಸಿಕ್ಕಿಲ್ಲ. ನಮ್ಮಂಥ ಮಧ್ಯಮ ಗಾತ್ರದ ಊರಿನಲ್ಲಿ ಬಡತನ ಹೆಚ್ಚಾಗಿ ಅಂಥ ಗುಂಪುಗಳಲ್ಲೇ ಇದೆ.

2027ರ ಜನಗಣತಿಗಾಗಿ ಆಡಳಿತ ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ಇದ್ದಂತೆ ಸ್ಥಗಿತಗೊಳಿಸಲಾಗಿದೆ. ಅದರ ಮನೆಪಟ್ಟಿಯ ಅಂಕಿಗಳು 2011ರಂತೆ ವಾರ್ಡುವಾರು ಪ್ರಕಟವಾದರೂ, ಹಳೆಯ ವಾರ್ಡಿನ ಸಂಖ್ಯೆಯನ್ನು ಹೊಸ ವಾರ್ಡಿನ ಸಂಖ್ಯೆಗೆ ನೇರ ಹೋಲಿಸಬೇಡಿ. ನಡುವೆ ಗಡಿ ಬದಲಾಗಿದೆ. ಹೆಸರು ಅದೇ ಇದ್ದರೂ ಒಳಗಿನ ಬೀದಿಗಳು ಬೇರೆ. 1948ರ ಜನಗಣತಿ ಕಾಯ್ದೆಯ ಪ್ರಕಾರ ಮನೆಮನೆಯ ಮಾಹಿತಿ ಗೋಪ್ಯ, ಅದು ಹಾಗೇ ಇರಬೇಕು. ಆದ್ದರಿಂದ ಬೀದಿಮಟ್ಟದ ಚಿತ್ರವನ್ನು ನಗರಸಭೆ ತನ್ನ ಕಡತಗಳಿಂದಲೇ ಕಟ್ಟಬೇಕಾಗುತ್ತದೆ. ಬೀದಿವಾರು ನಮೂನೆ-3 ಮತ್ತು 3ಎ ಎಷ್ಟು, ನಲ್ಲಿ ಸಂಪರ್ಕ ಎಷ್ಟು, ಒಳಚರಂಡಿ ಸಂಪರ್ಕ ಎಷ್ಟು, ನಿವೇಶನದ ಅಳತೆ ಎಷ್ಟು ಎಂಬ ನಾಲ್ಕು ಕಾಲಮ್ಮಿನ ಪಟ್ಟಿ ಸಾಕು, ಯಾರ ಹೆಸರೂ ಬೇಡ. ಮೂವತ್ತಕ್ಕಿಂತ ಕಡಿಮೆ ಮನೆ ಇರುವ ಬೀದಿಯನ್ನು ಪಕ್ಕದ ಬೀದಿಗೆ ಸೇರಿಸಿ ತೋರಿಸಿದರೆ ಯಾರ ಮನೆಯ ಗುಟ್ಟೂ ಬಯಲಾಗದು. ಸೇರಿಸುವಾಗ ಶೀಟಿನ ಮನೆಗಳ ಸಾಲನ್ನು ಅಂಥದೇ ಸಾಲಿಗೆ ಸೇರಿಸಬೇಕು, ಬಂಗಲೆಗಳ ಸಾಲಿಗಲ್ಲ. ಮುಂದಿನ ಬಜೆಟ್ ಸಭೆಗೆ ಮುಂಚೆ ಈ ಪಟ್ಟಿ ನಗರಸಭೆಯ ಸೂಚನಾ ಫಲಕಕ್ಕೆ ಬಂದರೆ, ತಮ್ಮ ಪತ್ರಿಕೆ ಅದನ್ನು ನಿವೇಶನದ ದರಗಳ ಪಕ್ಕದಲ್ಲೇ ಅಚ್ಚು ಹಾಕಬೇಕೆಂದು ಕೋರುತ್ತೇವೆ.

ಇತಿ,
ಮನೆಮನೆ ಗಣತಿಯ ಕೆಲಸ ಬಲ್ಲ ಕೆಲವು ಅಧ್ಯಾಪಕರು ಮತ್ತು ನಿವೃತ್ತ ನೌಕರರು,
ಚಿಕ್ಕಮಗಳೂರು